ಇಳಕಲ್ಲಿನ ಮನೆಪಟ್ಟಿ: ಭಾರದ ಪಲ್ಲಟಕ್ಕೆ ಮಿತಿ ಬೇಕು

ಪ್ರತಿವರ್ಷ ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಪಟ್ಟಣಗಳ ಗೃಹಸ್ಥರು ಮನೆಪಟ್ಟಿಯ ಕಾಗದವನ್ನು ಕೈಯಲ್ಲಿ ಹಿಡಿದು ನಗರಸಭೆಯ ಮೆಟ್ಟಿಲನ್ನು ಏರುವದು ವಾಡಿಕೆ. ಆ ತಿಂಗಳೊಳಗೆ ತುಂಬಿದರೆ ನೂರಕ್ಕೆ 5ರ ರಿಯಾಯಿತಿಯುಂಟು. ತಡಮಾಡಿದರೆ ದಂಡದ ಬಡ್ಡಿಯುಂಟು. ಅಲ್ಲಿ ನೆರೆದವರ ಬಾಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಈ ಸಲ ಎಷ್ಟು ಹೆಚ್ಚಾಯಿತು?” ಪ್ರಶ್ನೆ ಸಹಜವಾದದ್ದೇ. ಆದರೆ ಅದಕ್ಕಿಂತ ಹಿರಿದಾದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ವಿರಳ: ಹೆಚ್ಚಾದದ್ದು ಯಾರ ಪಾಲಿಗೆ, ಕಡಿಮೆಯಾದದ್ದು ಯಾರ ಪಾಲಿಗೆ? ಪಟ್ಟಣದ ಒಟ್ಟು ಕರ ಒಂದು ರೂಪಾಯಿಯಷ್ಟು ಕೂಡ ಏರದೆ ಇದ್ದಾಗಲೂ ಒಂದು ವರ್ಗದ ಹೆಗಲ ಮೇಲಿನ ಹೊರೆ ಸದ್ದಿಲ್ಲದೆ ಇನ್ನೊಂದು ವರ್ಗದ ಹೆಗಲಿಗೆ ಜಾರಬಹುದೆಂಬುದನ್ನು ನಮ್ಮ ನಾಗರಿಕರಲ್ಲಿ ಅನೇಕರು ಮನಗಂಡಿಲ್ಲ. ಇಂದು ನಾವು ಇಳಕಲ್ಲನ್ನು ಉದಾಹರಣೆಯಾಗಿ ಇಟ್ಟುಕೊಂಡು ಚರ್ಚಿಸಬಯಸುವದು ಈ ಜಾರುವಿಕೆಯ ವಿಷಯವನ್ನೇ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವದು ಒಳಿತು. ಪೌರಕರವೇ ಬೇಡವೆಂದು ವಾದಿಸುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಕುಡಿಯುವ ನೀರು, ಬೀದಿಯ ದೀಪ, ಚರಂಡಿ, ರಸ್ತೆ, ಕಸದ ವಿಲೇವಾರಿ ಇವೆಲ್ಲವನ್ನೂ ಬೇಡುವ ಊರು ಅವುಗಳ ವೆಚ್ಚವನ್ನೂ ಹೊರಲೇಬೇಕು. 1882ರಲ್ಲಿ ರಿಪನ್ ಪ್ರಭುಗಳ ಠರಾವಿನಿಂದ ನಮ್ಮ ನಾಡಿನ ಸ್ಥಳಿಕ ಸ್ವರಾಜ್ಯಕ್ಕೆ ಚಾಲನೆ ದೊರೆಯಿತು. 1992ರ 74ನೆಯ ಸಂವಿಧಾನ ತಿದ್ದುಪಡಿಯಿಂದ ಅದಕ್ಕೆ ಘಟನಾತ್ಮಕ ಸ್ಥಾನವೂ ಲಭಿಸಿತು. ಆದರೆ ಸ್ವಂತದ ಉತ್ಪನ್ನವಿಲ್ಲದ ಸ್ವರಾಜ್ಯವು ಹೆಸರಿಗೆ ಮಾತ್ರ ಸ್ವರಾಜ್ಯ. ಒಂದು ಕಾಲಕ್ಕೆ ನಮ್ಮ ಪಟ್ಟಣಗಳ ಬೊಕ್ಕಸವನ್ನು ತುಂಬುತ್ತಿದ್ದದ್ದು ಜಕಾತಿ. ಊರ ಬಾಗಿಲಲ್ಲಿ ಗಾಡಿಗಳನ್ನು ತಡೆದು ವಸೂಲು ಮಾಡುತ್ತಿದ್ದ ಆ ಕರವನ್ನು 1979ರಲ್ಲಿ ಕರ್ನಾಟಕ ಸರಕಾರವು ರದ್ದುಪಡಿಸಿತು. ವ್ಯಾಪಾರಕ್ಕೆ ಅದರಿಂದ ಅನುಕೂಲವಾದದ್ದು ನಿಜ. ಆದರೆ ಅಂದಿನಿಂದ ಪಟ್ಟಣಗಳು ಸರಕಾರದ ಅನುದಾನದ ದಾರಿ ಕಾಯುವಂತಾದವು. ಇಂದು ನಗರಸಭೆಯೊಂದು ತನ್ನದೆಂದು ಹೇಳಿಕೊಳ್ಳಬಹುದಾದ ಮುಖ್ಯ ಆದಾಯವೆಂದರೆ ಆಸ್ತಿಯ ಮೇಲಿನ ತೆರಿಗೆ. ಆದುದರಿಂದಲೇ ಅದರ ಹಂಚಿಕೆಯಲ್ಲಿ ನ್ಯಾಯವಿರುವದು ಅತ್ಯವಶ್ಯ. ಅನ್ಯಾಯದ ಹಂಚಿಕೆಯು ಕರಗಳ್ಳತನಕ್ಕೆ ನೆಪವಾಗುತ್ತದೆ. ಕರಗಳ್ಳತನವು ಪ್ರಾಮಾಣಿಕನ ಮೇಲೆ ಇನ್ನಷ್ಟು ಭಾರವಾಗುತ್ತದೆ.

ಇನ್ನು ಇಳಕಲ್ಲಿನ ಸ್ವರೂಪವನ್ನು ನೋಡೋಣ. ಹಿಂದೆ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿ, ಹುನಗುಂದ ತಾಲೂಕಿಗೆ ಸೇರಿದ್ದ ಈ ಊರು 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಈಗ ತಾನೇ ಒಂದು ತಾಲೂಕಿನ ಕೇಂದ್ರವೂ ಆಗಿದೆ. 2011ರ ಜನಗಣತಿಯ ಕಾಲಕ್ಕೇ ಇಲ್ಲಿಯ ಜನಸಂಖ್ಯೆ ಸುಮಾರು 60 ಸಾವಿರವಿತ್ತು. ಈ ಊರಿನ ಆಸ್ತಿಯನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ವಾಸದ ಮನೆ. ಅವುಗಳಲ್ಲಿ ಬಹಳಷ್ಟು ಮನೆಗಳಲ್ಲಿ ಮಗ್ಗವೂ ಉಂಟು. ಎರಡನೆಯದು ಪೇಟೆಯ ಅಂಗಡಿ ಮಳಿಗೆಗಳು. ನೂಲು, ರೇಶಿಮೆ, ಸೀರೆಗಳ ವ್ಯಾಪಾರ ನಡೆಯುವದು ಅಲ್ಲಿ. ಮೂರನೆಯದು ಕಾರಖಾನೆಗಳು, ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲನ್ನು ಕೊಯ್ದು ನುಣುಪುಗೊಳಿಸುವ ಉದ್ದಿಮೆಯು ಸೀರೆಯಂತೆಯೇ ಈ ಊರ ಹೆಸರನ್ನು ದೂರದೂರಕ್ಕೆ ಒಯ್ದಿದೆ. ನಾಲ್ಕನೆಯದು ಊರ ಅಂಚಿನ ಖುಲ್ಲಾ ಜಾಗಗಳು. ಹೊಲಗಳು ನಿವೇಶನಗಳಾಗಿ ಮಾರ್ಪಟ್ಟು, ಹೆದ್ದಾರಿಯ ಕಡೆಗೆ ಊರು ಕೈಚಾಚಿದಂತೆಲ್ಲ ಬೆಲೆಯೇರುವದನ್ನು ಕಾಯುತ್ತ ಬಿದ್ದಿರುವ ಭೂಮಿ ಇದು. ಈ ನಾಲ್ಕೂ ವರ್ಗಗಳು ಕೂಡಿ ಪಟ್ಟಣದ ಕರವನ್ನು ತುಂಬುತ್ತವೆ. ಯಾವ ವರ್ಗ ಎಷ್ಟು ಹೊರಬೇಕೆಂಬುದೇ ಪ್ರಶ್ನೆಯ ತಿರುಳು.

ಕರವನ್ನು ಅಳೆಯುವ ಕೋಲು ಕಾಲದಿಂದ ಕಾಲಕ್ಕೆ ಬದಲಾಗಿದೆ. 1964ರ ಕರ್ನಾಟಕ ಪೌರಸಭೆಗಳ ಕಾಯದೆಯ ಮೂಲ ಪದ್ಧತಿಯಲ್ಲಿ ಕಟ್ಟಡಕ್ಕೆ ವರ್ಷಕ್ಕೆ ಬರಬಹುದಾದ ಬಾಡಿಗೆಯೇ ಅಳತೆಗೋಲಾಗಿತ್ತು. ಬಾಡಿಗೆಯನ್ನು ಅಂದಾಜು ಮಾಡುವವನು ಅಧಿಕಾರಿ. ಆದುದರಿಂದ ಅಂದಾಜಿನಲ್ಲಿ ದಾಕ್ಷಿಣ್ಯಕ್ಕೂ ದ್ವೇಷಕ್ಕೂ ಎಡೆಯಿತ್ತು. 2002ರಿಂದ ಸ್ವಯಂ ಘೋಷಣೆಯ ಪದ್ಧತಿ ಜಾರಿಗೆ ಬಂದು, ಆಸ್ತಿಯ ಬಂಡವಾಳ ಬೆಲೆಯೇ ಆಧಾರವಾಯಿತು. ಮಾಲಿಕನೇ ಅಳತೆಯನ್ನು ಬರೆದು, ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರದ ಮೇಲಿಂದ ಲೆಕ್ಕ ಹಾಕಿ, ಕರವನ್ನು ತಾನೇ ತುಂಬುವ ಈ ಕ್ರಮವು ಹಿಂದಿನದಕ್ಕಿಂತ ಎಷ್ಟೋ ಮೇಲಾದದ್ದೆಂಬುದನ್ನು ಒಪ್ಪಲೇಬೇಕು. ಆಮೇಲೆ 2005-06ನೆಯ ಸಾಲಿನಿಂದ ಮೂರು ವರ್ಷಕ್ಕೊಮ್ಮೆ ನೂರಕ್ಕೆ 15ರಂತೆ ಎಲ್ಲರ ಕರವನ್ನೂ ಏರಿಸುವ ಏರ್ಪಾಡಾಯಿತು. ಇದರಲ್ಲಿ ಒಂದು ಗುಣವಿತ್ತು, ಒಂದು ದೋಷವಿತ್ತು. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಏರಿದ್ದರಿಂದ ವರ್ಗವರ್ಗಗಳ ನಡುವಿನ ಪಾಲು ಕದಲಲಿಲ್ಲ, ಇದು ಗುಣ. ಹಳೆಯ ದರದಲ್ಲಿಯೇ ಲೆಕ್ಕ ನಿಂತದ್ದರಿಂದ, ಬೆಲೆ ಹತ್ತು ಪಟ್ಟು ಏರಿದ ಬೀದಿಯವನೂ ಏರದ ಓಣಿಯವನೂ ಸಮನಾಗಿಯೇ ಉಳಿದರು, ಇದು ದೋಷ.

ಈ ದೋಷವನ್ನು ತಿದ್ದಲು ಒತ್ತಡವು ಹೊರಗಿನಿಂದಲೇ ಬಂತು. ಹದಿನೈದನೆಯ ಹಣಕಾಸು ಆಯೋಗವು ನಗರಾಡಳಿತ ಸಂಸ್ಥೆಗಳ ಅನುದಾನಕ್ಕೆ ಒಂದು ನಿಬಂಧನೆಯನ್ನು ಹಾಕಿತು: ರಾಜ್ಯಗಳು ಆಸ್ತಿ ತೆರಿಗೆಯ ಕನಿಷ್ಠ ದರಗಳನ್ನು ಚಾಲ್ತಿಯ ಮಾರ್ಗಸೂಚಿ ದರಗಳಿಗೆ ಹೊಂದುವಂತೆ ಗೊತ್ತುಪಡಿಸಬೇಕು, ರಾಜ್ಯದ ಉತ್ಪನ್ನ ಬೆಳೆದಂತೆ ತೆರಿಗೆಯ ವಸೂಲಿಯೂ ಬೆಳೆಯಬೇಕು. ಅದರಂತೆ ಕರ್ನಾಟಕವೂ ತನ್ನ ಕಾಯದೆಯನ್ನು ತಿದ್ದಿ, 2021-22ನೆಯ ಸಾಲಿನಿಂದ ಪಟ್ಟಣಗಳ ತೆರಿಗೆಯನ್ನು ಚಾಲ್ತಿಯ ಮಾರ್ಗಸೂಚಿ ದರಕ್ಕೆ ಗಂಟುಹಾಕಿತು. ಬೆಲೆಯ ಒಂದು ಅಂಶವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂದೂ, ವಾಸ, ವಾಣಿಜ್ಯ, ಖುಲ್ಲಾ ಜಾಗ ಎಂಬ ಭೇದದಂತೆ ದರಗಳಿಗೆ ಕೆಳಮಿತಿ ಮೇಲ್ಮಿತಿಗಳಿರಬೇಕೆಂದೂ ಕಾಯದೆಯಲ್ಲಿ ಹೇಳಿದೆ. ಉದ್ದೇಶ ಒಳ್ಳೆಯದೇ. ಆದರೆ ಪ್ರತಿಯೊಂದು ವರ್ಗದ ದರಕ್ಕೆ ಮಿತಿಯಿರುವದು ಬೇರೆ. ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ಹೊರಳುವ ಪಾಲಿಗೆ ಮಿತಿಯಿರುವದು ಬೇರೆ. ಮೊದಲನೆಯದು ನಮ್ಮಲ್ಲುಂಟು, ಎರಡನೆಯದು ಇಲ್ಲ. ನಮ್ಮ ತಕರಾರಿರುವದು ಇಲ್ಲಿ.

ಒಂದು ಸರಳ ಲೆಕ್ಕದಿಂದ ಇದನ್ನು ತೋರಿಸುವೆವು. ಇದು ಇಳಕಲ್ಲಿನ ನಿಜವಾದ ಲೆಕ್ಕವಲ್ಲ, ತಿಳಿವಳಿಕೆಗಾಗಿ ಕಲ್ಪಿಸಿದ್ದು. ಒಂದು ಪಟ್ಟಣವು ಒಟ್ಟು 100 ರೂಪಾಯಿ ಕರವನ್ನು ಎತ್ತುವದೆಂದು ಹಿಡಿಯಿರಿ. ಅದರಲ್ಲಿ ಮನೆಗಳ ಪಾಲು 50, ಅಂಗಡಿಗಳದು 30, ಕಾರಖಾನೆಗಳದು 10, ಖುಲ್ಲಾ ಜಾಗಗಳದು 10. ಮಾರ್ಗಸೂಚಿ ದರಗಳ ಪರಿಷ್ಕರಣದಲ್ಲಿ ಮನೆಗಳ ಬೆಲೆ ಇಮ್ಮಡಿಯಾಯಿತು. ಉಳಿದ ಮೂರು ವರ್ಗಗಳ ಬೆಲೆ ನೂರಕ್ಕೆ 20ರಷ್ಟು ಮಾತ್ರ ಏರಿತು. ಈಗ ನಗರಸಭೆಯು ಸದ್ಬುದ್ಧಿಯಿಂದ, “ನಾವು ಒಂದು ಕಾಸೂ ಹೆಚ್ಚು ಎತ್ತುವದಿಲ್ಲ, ಅದೇ 100 ರೂಪಾಯಿ ಸಾಕು” ಎಂದು ದರಗಳನ್ನೆಲ್ಲ ಸಮನಾಗಿ ಇಳಿಸಿತೆನ್ನಿರಿ. ಆಗಲೂ ಮನೆಗಳ ಪಾಲು 50ರಿಂದ 62 ರೂಪಾಯಿ 50 ಪೈಸೆಗೆ ಏರುವದು. ಅಂಗಡಿಗಳ ಪಾಲು 30ರಿಂದ 22 ರೂಪಾಯಿ 50 ಪೈಸೆಗೆ ಇಳಿಯುವದು. ಕಾರಖಾನೆ ಮತ್ತು ಖುಲ್ಲಾ ಜಾಗಗಳ ಪಾಲು ತಲಾ 7 ರೂಪಾಯಿ 50 ಪೈಸೆಗೆ ಬರುವದು. ಕರ ಹೆಚ್ಚಿಸಲಿಲ್ಲವೆಂದು ಸಭೆ ಹೇಳುವದು, ಅದು ಸುಳ್ಳಲ್ಲ. ಸಾವಿರ ರೂಪಾಯಿ ತುಂಬುತ್ತಿದ್ದ ಮನೆಯವನು ಸಾವಿರದ ಇನ್ನೂರೈವತ್ತು ತುಂಬುವನು, ಅದೂ ಸುಳ್ಳಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಬೆಲೆಯೇರಿಕೆಯ ಕಾವು ಎಲ್ಲಿಯದೋ, ಬರೆ ಯಾರ ಬೆನ್ನಿಗೋ!

ಮೇಲಾಗಿ, ಈ ಭಾರವು ಮನೆಪಟ್ಟಿಯಲ್ಲಿಯೇ ನಿಲ್ಲುವದಿಲ್ಲ. ಅದರ ಮೇಲೆ ಗ್ರಂಥಾಲಯದ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3, ಆರೋಗ್ಯದ ಕರ ಇತ್ಯಾದಿ ಉಪಕರಗಳು ಸವಾರಿ ಮಾಡುತ್ತವೆ. ಮೂಲದ ಹಂಚಿಕೆಯಲ್ಲಾದ ತಪ್ಪು ಉಪಕರಗಳಲ್ಲಿಯೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ.

ಮಾರ್ಗಸೂಚಿ ದರವೆಂಬುದು ಹುಟ್ಟಿದ್ದೇಕೆ? ಆಸ್ತಿಯ ಕ್ರಯವಿಕ್ರಯವಾದಾಗ ಪತ್ರದಲ್ಲಿ ಬೆಲೆಯನ್ನು ಕಡಿಮೆ ಬರೆಯಿಸಿ ಮುದ್ರಾಂಕ ಶುಲ್ಕವನ್ನು ತಪ್ಪಿಸಿಕೊಳ್ಳದಿರಲೆಂದು. 1957ರ ಕರ್ನಾಟಕ ಮುದ್ರಾಂಕ ಕಾಯದೆಯ ಮೇರೆಗೆ ಮೌಲ್ಯಮಾಪನ ಸಮಿತಿಗಳು ಅದನ್ನು ಗೊತ್ತುಪಡಿಸುತ್ತವೆ. ಐದು ವರ್ಷಗಳ ತರುವಾಯ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದನ್ನು ಪರಿಷ್ಕರಿಸಲಾಯಿತು. ಮಾರುವವನಿಗೆ ಕೈಯಲ್ಲಿ ಹಣ ಬಂದಿರುತ್ತದೆ. ಆ ಕ್ಷಣಕ್ಕೆ ಬೆಲೆಯ ಮೇಲಿನ ಶುಲ್ಕವು ಸಹ್ಯ. ಆದರೆ ಮನೆಯನ್ನು ಮಾರದೆ ಅದರಲ್ಲಿಯೇ ಬಾಳುವವನಿಗೆ ಬೆಲೆಯೇರಿಕೆಯೆಂಬುದು ಕಾಗದದ ಮೇಲಿನ ಐಶ್ವರ್ಯ. ಇಳಕಲ್ಲಿನ ನೇಕಾರನ ಸ್ಥಿತಿ ಇದೇ. ಅವನ ಓಣಿಯ ಪಕ್ಕದಲ್ಲಿ ಹೊಸ ರಸ್ತೆಯಾಯಿತೆಂದು ಅವನ ಸೀರೆಗೆ ನಾಲ್ಕು ಕಾಸು ಹೆಚ್ಚು ದೊರೆಯುವದಿಲ್ಲ. ಟೋಪ ತೆನಿಯ ಸೆರಗನ್ನು ಹಾಸಿಗೆ ಕೊಂಡಿ ಹಾಕಿ ಕೂಡಿಸುವ ಅವನ ಕುಶಲತೆಗೆ ಸಿಗುವ ಮಜೂರಿಯು ಉಪನೋಂದಣಿ ಕಚೇರಿಯ ದರಪಟ್ಟಿಯೊಂದಿಗೆ ಏರುವದಿಲ್ಲ. ಯಂತ್ರಮಗ್ಗದ ಪೈಪೋಟಿಯಲ್ಲಿ ಅದು ಇದ್ದಲ್ಲಿಯೇ ನಿಂತರೂ ಸಮಾಧಾನ. ಹೀಗಿರಲು ಅವನ ಮನೆಪಟ್ಟಿಯನ್ನು ಒಮ್ಮೆಲೆ ನೆಗೆಯಿಸುವದು ನ್ಯಾಯವೇ?

ನೇಕಾರನ ಮನೆಯ ವಿಷಯದಲ್ಲಿ ಇನ್ನೊಂದು ತೊಡಕೂ ಉಂಟು. ಅದು ಮನೆಯೇ, ಕಾರಖಾನೆಯೇ? ನಡುಮನೆಯಲ್ಲಿ ಕುಣಿಮಗ್ಗ; ಮಗ್ಗದ ಬದಿಯಲ್ಲಿ ಕಂಡಿಕೆ ಸುತ್ತುವ ಮನೆಯಾಕೆ; ಅಲ್ಲಿಯೇ ಮಕ್ಕಳ ಪಾಠ, ಅಲ್ಲಿಯೇ ಊಟ, ರಾತ್ರಿ ಅಲ್ಲಿಯೇ ನಿದ್ರೆ. ವಾಸದ ಕಟ್ಟಡ, ವಾಸವಲ್ಲದ ಕಟ್ಟಡ ಎಂದು ಎರಡೇ ಖಾನೆಗಳಿರುವ ತಖ್ತೆಯಲ್ಲಿ ಈ ಮನೆಯನ್ನು ಎಲ್ಲಿ ಬರೆಯಬೇಕು? ಮಗ್ಗವಿದೆಯೆಂದು ಎರಡನೆಯ ಖಾನೆಗೆ ಹಾಕಿದರೆ, ದರದ ಏರಿಕೆ ಯಾವದೂ ಇಲ್ಲದೆ, ಬರೆಯುವವನ ಲೇಖನಿಯ ಒಂದು ಗೀಟಿನಿಂದಲೇ ಅವನ ಕರ ಹೆಚ್ಚಾಗುವದು. ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ಭಾರವನ್ನು ಹೊರಳಿಸುವದಕ್ಕಿಂತ, ಮನುಷ್ಯನನ್ನೇ ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ಹೊರಳಿಸುವದು ಸುಲಭ. ಮತ್ತು ಅದು ಕಣ್ಣಿಗೆ ಬೀಳದ ಅನ್ಯಾಯ. ಇಳಕಲ್ಲಿನಂತೆಯೇ ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಂಥ ನೇಕಾರರ ಊರುಗಳೆಲ್ಲವೂ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಬೇಡುತ್ತವೆ.

ಹಾಗಾದರೆ ಮನೆಗಳನ್ನು ಕೈಬಿಟ್ಟು ಅಂಗಡಿ ಕಾರಖಾನೆಗಳ ಮೇಲೆ ಎಲ್ಲವನ್ನೂ ಹೇರಿದರಾಯಿತಲ್ಲ ಎಂದು ಕೆಲವರು ಹೇಳಬಹುದು. ಮತಗಳು ಮನೆಗಳಲ್ಲಿರುತ್ತವೆ, ಅಂಗಡಿಗಳಲ್ಲಿ ಅಲ್ಲ. ಆದುದರಿಂದ ಈ ಮಾರ್ಗವು ಚುನಾಯಿತ ಸದಸ್ಯರಿಗೆ ಪ್ರಿಯವಾಗುವದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದೂ ಅಷ್ಟೇ ಅನ್ಯಾಯ. ಅಂಗಡಿಯ ಕರವನ್ನು ಮಾಲಿಕನು ಬಾಡಿಗೆಗೆ ಸೇರಿಸುವನು. ಬಾಡಿಗೆಯವನು ಸರಕಿನ ಬೆಲೆಗೆ ಸೇರಿಸುವನು. ಕೊನೆಗೆ ನೂಲು ಕೊಳ್ಳುವ ನೇಕಾರನೇ ಅದನ್ನು ತೆರುವನು. ಕಲ್ಲಿನ ಕಾರಖಾನೆಗಳ ಮಾತು ಬೇರೆಯಲ್ಲ. ಅವುಗಳ ಭಾರದ ಲಾರಿಗಳಿಂದ ರಸ್ತೆಗಳು ಸವೆಯುವದರಿಂದ ಅವು ತಕ್ಕ ಪಾಲನ್ನು ಕೊಡಲೇಬೇಕು. ಗಣಿಯ ರಾಜಧನವು ರಾಜ್ಯದ ಬೊಕ್ಕಸಕ್ಕೆ ಹೋಗುವದರಿಂದ ಊರಿಗೆ ನೇರವಾಗಿ ದಕ್ಕುವದು ಈ ತೆರಿಗೆಯೇ. ಆದರೂ ಒಂದೇ ವರ್ಷದಲ್ಲಿ ಅವುಗಳ ಹೊರೆಯನ್ನು ವಿಪರೀತವಾಗಿ ಏರಿಸಿದರೆ ಅವು ನಗರಸಭೆಯ ಸರಹದ್ದಿನಾಚೆ ಯಾವದಾದರೊಂದು ಗ್ರಾಮ ಪಂಚಾಯತಿಯ ಮಡಿಲಿಗೆ ಸರಿಯುವವು. ಊರಿಗೆ ಕರವೂ ಇಲ್ಲ, ಕೆಲಸವೂ ಇಲ್ಲ ಎಂಬಂತಾಗುವದು. ಆದುದರಿಂದ ನಾವು ಬೇಡುವ ಮಿತಿಯು ಒಂದು ವರ್ಗದ ಪರವಾದ ಕವಚವಲ್ಲ. ಎಲ್ಲ ವರ್ಗಗಳಿಗೂ ಸಮಾನವಾದ ನಿಯಮ.

ಬೇರೊಂದು ಉದ್ದೇಶಕ್ಕೆ ಮಾಡಿದ ಅಂಕಿಗಳನ್ನು ಕರಕ್ಕೆ ಆಧಾರವಾಗಿ ಹಿಡಿದರೆ ಏನಾಗುವದೆಂಬುದಕ್ಕೆ ನಮ್ಮ ಇತಿಹಾಸದಲ್ಲಿಯೇ ಪಾಠವಿದೆ. ಇದೇ ಮುಂಬಯಿ ಇಲಾಖೆಯ ಬಾರ್ಡೋಲಿಯಲ್ಲಿ ಸರಕಾರವು ಭೂಕಂದಾಯವನ್ನು ನೂರಕ್ಕೆ 22ರಷ್ಟು ಏರಿಸಿದಾಗ 1928ರಲ್ಲಿ ಸರ್ದಾರ ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ರೈತರು ಸತ್ಯಾಗ್ರಹ ಹೂಡಿದರು. ಅವರ ಮುಖ್ಯ ಬೇಡಿಕೆ ಕರದ ರದ್ದತಿಯಲ್ಲ, ನಿಷ್ಪಕ್ಷಪಾತ ವಿಚಾರಣೆ. ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬ ಇಬ್ಬರು ಅಧಿಕಾರಿಗಳು ವಿಚಾರಣೆ ನಡೆಸಿದಾಗ, ಏರಿಕೆಗೆ ಆಧಾರವಾದ ಗೇಣಿಯ ಅಂಕಿಗಳೇ ನಂಬತಕ್ಕವಲ್ಲವೆಂದು ಕಂಡುಬಂದು, ನ್ಯಾಯವಾದ ಏರಿಕೆಯು ನೂರಕ್ಕೆ 6ರ ಆಸುಪಾಸಿಗೆ ಇಳಿಯಿತು. ಅಂಕಿಗಳು ಸರಕಾರದವೆಂದ ಮಾತ್ರಕ್ಕೆ ಸತ್ಯವಾಗಲಾರವು, ಪರಿಶೀಲನೆಯಾಗಬೇಕು ಎಂಬುದೇ ಅಲ್ಲಿಯ ತಾತ್ಪರ್ಯ. ಆ ದಿನಗಳ ಪರಕೀಯ ಸರಕಾರಕ್ಕೂ ಇಂದಿನ ನಮ್ಮದೇ ಸರಕಾರಕ್ಕೂ ಹೋಲಿಕೆಯಿಲ್ಲ; ಆದರೆ ನಮ್ಮದೇ ಸರಕಾರವೆಂಬ ಕಾರಣಕ್ಕಾಗಿಯೇ ಸತ್ಯಾಗ್ರಹದ ಪ್ರಸಂಗವನ್ನು ತಾರದೆ ಮುಂಚಿತವಾಗಿಯೇ ಎಚ್ಚರ ವಹಿಸುವದು ಅದಕ್ಕೆ ಭೂಷಣ.

ನ್ಯಾಯಾಲಯಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಕೇರಳದಲ್ಲಿ ಎಲ್ಲ ಭೂಮಿಗೂ ಎಕರೆಗೆ 2 ರೂಪಾಯಿಯಂತೆ ಒಂದೇ ಕರ ವಿಧಿಸಿದ ಕಾಯದೆಯನ್ನು ಸುಪ್ರೀಮ್ ಕೋರ್ಟು 1960ರ ಡಿಸೆಂಬರಿನಲ್ಲಿ ಮೂಪಿಲ್ ನಾಯರರ ಮೊಕದ್ದಮೆಯಲ್ಲಿ ಅಸಿಂಧುವೆಂದು ಸಾರಿತು. ಉತ್ಪನ್ನಕ್ಕಿಂತ ಕರವೇ ಹಲವು ಪಟ್ಟಾಗುವ ಅಡವಿಭೂಮಿಗೂ ಫಲವತ್ತಾದ ಗದ್ದೆಗೂ ಒಂದೇ ದರವೆಂಬುದು ಸಮಾನತೆಯಲ್ಲ, ಅಸಮಾನತೆ ಎಂಬುದು ಆ ತೀರ್ಪಿನ ಸಾರ. 1968ರಲ್ಲಿ ಅದೇ ರಾಜ್ಯದ ಕಟ್ಟಡ ತೆರಿಗೆಯ ಕಾಯದೆಯೂ ಅದೇ ಗತಿಗೆ ಈಡಾಯಿತು. ಕಟ್ಟಡದ ತರಗತಿ, ಉಪಯೋಗ, ಸ್ಥಳಗಳನ್ನು ಲೆಕ್ಕಿಸದೆ ನೆಲದ ವಿಸ್ತೀರ್ಣವೊಂದರ ಮೇಲೆಯೇ ಕರ ಹಾಕಿದ್ದು ಅದರ ದೋಷ. ಅಂದರೆ ವರ್ಗೀಕರಣವು ನ್ಯಾಯದ ಅಂಗ. ವರ್ಗಗಳು ನ್ಯಾಯಕ್ಕಾಗಿ ಇರುವವೆಂದ ಮೇಲೆ, ವರ್ಗಗಳ ನಡುವಿನ ಪಾಲು ಮನಬಂದಂತೆ ಕದಲದಿರುವದೂ ನ್ಯಾಯದ ಅಂಗವೇ ಅಲ್ಲವೇ?

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಬಹುಕಾಲದಿಂದ ಚರ್ಚಿಸಿದ್ದಾರೆ. ಅಮೇರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1978ರಲ್ಲಿ ಮತದಾರರ ಒಪ್ಪಿಗೆಯಿಂದ ಆಸ್ತಿಯ ವರ್ಗೀಕರಣಕ್ಕೆ ಅವಕಾಶವಾಯಿತು. ಮನೆಗಳ ಭಾರವನ್ನು ಇಳಿಸಿ ವಾಣಿಜ್ಯದ ಆಸ್ತಿಗೆ ಏರಿಸುವ ಅಧಿಕಾರ ಊರಿಗುಂಟು. ಆದರೆ ಒಂದೇ ದರವಿದ್ದರೆ ವಾಣಿಜ್ಯದ ಪಾಲು ಎಷ್ಟಾಗುತ್ತಿತ್ತೋ ಅದರ ಒಂದೂವರೆ ಪಟ್ಟನ್ನು, ಮುಂದೆ ಕೆಲವು ನಿಬಂಧನೆಗಳ ಮೇಲೆ ಒಂದೂಮುಕ್ಕಾಲು ಪಟ್ಟನ್ನು, ಅದು ಮೀರಕೂಡದು. ಪ್ರತಿವರ್ಷ ದರ ಗೊತ್ತುಪಡಿಸುವ ಮುನ್ನ ಊರವರ ಬಹಿರಂಗ ಸಭೆ ಕರೆದು ಹಂಚಿಕೆಯನ್ನು ಮುಂದಿಡಬೇಕು. 2024ರಲ್ಲಿ, ಕಚೇರಿ ಕಟ್ಟಡಗಳ ಬೆಲೆ ಕುಸಿದು ಮನೆಗಳ ಮೇಲೆ ಭಾರ ಬೀಳುವದೆಂದು, ಬೋಸ್ಟನ್ ನಗರವು ಈ ಮಿತಿಯನ್ನು ಕೆಲಕಾಲ ಸಡಿಲಿಸಬೇಕೆಂದು ರಾಜ್ಯವನ್ನು ಕೇಳಿತು. ಕೆಳಮನೆ ಒಪ್ಪಿತು, ಮೇಲ್ಮನೆ ಒಪ್ಪಲಿಲ್ಲ. ಯಾರು ಸರಿ ಯಾರು ತಪ್ಪೆಂಬುದು ಹಾಗಿರಲಿ. ಭಾರವನ್ನು ಯಾರ ಮೇಲಿಂದ ಯಾರ ಮೇಲೆ ಹೊರಳಿಸಬೇಕೆಂಬುದು ಅಲ್ಲಿ ಹಾಡೇ ಹಗಲಿನಲ್ಲಿ, ಅಂಕಿಸಂಖ್ಯೆಗಳೊಂದಿಗೆ ಚರ್ಚೆಯಾಯಿತು. ನಮ್ಮಲ್ಲಿ ಅದು ಯಾರಿಗೂ ತಿಳಿಯದಂತೆ ನಡೆದುಹೋಗಬಹುದಾಗಿದೆ.

ನ್ಯೂಯಾರ್ಕ್ ನಗರದ ಉದಾಹರಣೆ ಇನ್ನೂ ಬೋಧಪ್ರದ. 1981ರ ಕಾಯದೆಯಂತೆ ಅಲ್ಲಿ ಆಸ್ತಿಯನ್ನು ನಾಲ್ಕು ವರ್ಗಗಳಾಗಿ ಮಾಡಿ, ಬೆಲೆಗಳ ಏರಿಳಿತದಿಂದ ಯಾವ ವರ್ಗದ ಪಾಲೂ ಒಂದು ವರ್ಷದಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಏರಕೂಡದೆಂದು ಕಟ್ಟು ಮಾಡಿದರು. ಇಷ್ಟರಮಟ್ಟಿಗೆ ಅನುಕರಣೀಯ. ಆದರೆ ಅದರೊಂದಿಗೆ, ಚಿಕ್ಕ ಮನೆಗಳ ತೆರಿಗೆಗೆ ಹಿಡಿಯುವ ಬೆಲೆಯು ವರ್ಷಕ್ಕೆ ನೂರಕ್ಕೆ 6, ಐದು ವರ್ಷಕ್ಕೆ ನೂರಕ್ಕೆ 20 ಮೀರಿ ಏರಬಾರದೆಂಬ ಇನ್ನೊಂದು ಕಟ್ಟನ್ನೂ ಹಾಕಿದರು, ಅದಕ್ಕೆ ಅವಧಿಯನ್ನಿಡಲಿಲ್ಲ. ಪರಿಣಾಮವೇನಾಯಿತು? ಬೆಲೆ ಭರದಿಂದ ಏರಿದ ಶ್ರೀಮಂತರ ಮೊಹಲ್ಲೆಗಳು ನಿಜವಾದ ಬೆಲೆಗಿಂತ ಎಷ್ಟೋ ಹಿಂದುಳಿದ ಕರ ತೆರತೊಡಗಿದವು. ಬೆಲೆ ಏರದ ಬಡವರ ಮೊಹಲ್ಲೆಗಳು ಪ್ರಮಾಣದಲ್ಲಿ ಹೆಚ್ಚು ತೆರತೊಡಗಿದವು. 2017ರಲ್ಲಿ ಹೂಡಿದ ದಾವೆಯೊಂದನ್ನು ಮುಂದುವರಿಸಲು 2024ರ ಮಾರ್ಚಿನಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯವು ಅಪ್ಪಣೆ ಕೊಟ್ಟಿತು. ಮಿತಿಯೆಂಬುದು ಗೋಡೆಯಾದರೆ ಹಳೆಯ ಅನ್ಯಾಯವನ್ನೇ ಕಾಪಾಡುವದು. ಅದು ಮೆಟ್ಟಿಲಾಗಬೇಕು. ಮೆಟ್ಟಿಲು ಏರುವವನನ್ನು ತಡೆಯುವದಿಲ್ಲ. ಜಾರಿ ಬೀಳದಂತೆ ಮಾತ್ರ ಮಾಡುವದು.

ನಾವು ಮೇಲೆ ಕೊಟ್ಟ ಲೆಕ್ಕಕ್ಕೇ ಇದನ್ನು ಅನ್ವಯಿಸಿ ನೋಡೋಣ. ಯಾವ ವರ್ಗದ ಪಾಲೂ ವರ್ಷಕ್ಕೆ ಇಪ್ಪತ್ತರಲ್ಲೊಂದು ಅಂಶಕ್ಕಿಂತ ಹೆಚ್ಚು ಏರಕೂಡದೆಂದು ಇಟ್ಟುಕೊಂಡರೆ, ಮನೆಗಳ ಪಾಲು 50ರಿಂದ ಮೊದಲ ವರ್ಷಕ್ಕೆ 52 ರೂಪಾಯಿ 50 ಪೈಸೆ, ಎರಡನೆಯ ವರ್ಷಕ್ಕೆ 55ರ ಮೇಲೆ ಕೆಲವು ಪೈಸೆ, ಮೂರನೆಯ ವರ್ಷಕ್ಕೆ ಸುಮಾರು 58, ನಾಲ್ಕನೆಯ ವರ್ಷಕ್ಕೆ 61ಕ್ಕೆ ಸಮೀಪ, ಐದನೆಯ ವರ್ಷಕ್ಕೆ 62 ರೂಪಾಯಿ 50 ಪೈಸೆ ಆಗುವದು. ಸಾವಿರ ತುಂಬುವವನಿಗೆ ಮೊದಲ ವರ್ಷದ ಏರಿಕೆ ಇನ್ನೂರೈವತ್ತಲ್ಲ, ಐವತ್ತು. ಬೆಲೆಯ ಸತ್ಯವನ್ನು ಅಲ್ಲಗಳೆದಂತಾಗಲಿಲ್ಲ. ಸಂಸಾರಕ್ಕೆ ಸಿದ್ಧವಾಗಲು ಐದು ವರ್ಷಗಳ ಅವಕಾಶವೂ ದೊರೆಯಿತು. ಅಷ್ಟರಲ್ಲಿ ಬೆಲೆ ತಗ್ಗಿದರೆ, ಇಲ್ಲವೆ ದರಪಟ್ಟಿಯಲ್ಲಿ ತಪ್ಪಿದೆಯೆಂದು ತಿಳಿದುಬಂದರೆ, ತಿದ್ದಿಕೊಳ್ಳಲೂ ಸಮಯವುಂಟು.

ಆದುದರಿಂದ ಸರಕಾರದ ಮುಂದೆಯೂ ಇಳಕಲ್ಲಿನ ನಗರಸಭೆಯ ಮುಂದೆಯೂ ನಾವು ಇಡುವ ಸೂಚನೆಗಳು ಇವು. ಮೊದಲನೆಯದಾಗಿ, ದರಗಳನ್ನು ಗೊತ್ತುಪಡಿಸುವ ಮುನ್ನ ಯಾವ ವರ್ಗದ ಆಸ್ತಿಗಳೆಷ್ಟು, ಅವುಗಳ ಬೆಲೆಯೆಷ್ಟು, ಹಿಂದಿನ ವರ್ಷ ಅವುಗಳ ಪಾಲೆಷ್ಟು, ಬರುವ ವರ್ಷ ಎಷ್ಟಾಗುವದು ಎಂಬುದನ್ನು ಒಂದೇ ಪುಟದ ತಖ್ತೆಯಾಗಿ ಕನ್ನಡದಲ್ಲಿ ಪ್ರಕಟಿಸಬೇಕು. ನಗರಸಭೆಯ ಫಲಕದ ಮೇಲೂ ಪೇಟೆಯಲ್ಲಿಯೂ ಅದು ಎಲ್ಲರಿಗೂ ಕಾಣಬೇಕು. ಎರಡನೆಯದಾಗಿ, ಆ ತಖ್ತೆಯ ಮೇಲೆ ಬಹಿರಂಗ ಸಭೆ ನಡೆಯಬೇಕು. ಚುನಾಯಿತ ಮಂಡಳಿಯಿರಲಿ, ಆಡಳಿತಾಧಿಕಾರಿಯಿರಲಿ, ಈ ಸಭೆ ತಪ್ಪಕೂಡದು. ಮೂರನೆಯದಾಗಿ, ಒಂದು ವರ್ಗದ ಪಾಲು ಒಂದು ವರ್ಷದಲ್ಲಿ ಇಪ್ಪತ್ತರಲ್ಲೊಂದು ಅಂಶ ಮೀರಿ ಏರಕೂಡದೆಂಬ ನಿಯಮವನ್ನು 1964ರ ಕಾಯದೆಗೆ ಸೇರಿಸಬೇಕು. ಆದರೆ ಐದಾರು ವರ್ಷಗಳೊಳಗೆ ನಿಜವಾದ ಬೆಲೆಯ ಪಾಲಿಗೆ ಮುಟ್ಟಲೇಬೇಕೆಂಬ ಅವಧಿಯನ್ನೂ ಅದರಲ್ಲಿಯೇ ಬರೆಯಬೇಕು. ನಾಲ್ಕನೆಯದಾಗಿ, ಮನೆಯವರೇ ವಾಸವಿದ್ದು ಮನೆಯವರೇ ದುಡಿಯುವ ಮಗ್ಗವಿದ್ದ ಮನೆಯನ್ನು ನಿಸ್ಸಂದೇಹವಾಗಿ ವಾಸದ ಮನೆಯೆಂದೇ ಎಣಿಸಬೇಕು. ಕೂಲಿಯವರನ್ನಿಟ್ಟು ಹಲವು ಯಂತ್ರಮಗ್ಗಗಳನ್ನು ನಡೆಯಿಸುವ ಕಟ್ಟಡಕ್ಕೆ ನಡುವಣ ತರಗತಿಯೊಂದು ಇರಲಿ. ಐದನೆಯದಾಗಿ, ಬೆಲೆಯೇರಲೆಂದು ಕಟ್ಟದೆ ಬಿಟ್ಟ ಖುಲ್ಲಾ ಜಾಗಗಳಿಗೆ, ಕಾಯದೆಯ ಮೇಲ್ಮಿತಿಯೊಳಗೆ, ಕಾಲಕ್ರಮದಲ್ಲಿ ಏರುವ ದರವಿರಲಿ. ಏಕೆಂದರೆ ಊರಿನ ರಸ್ತೆ ದೀಪಗಳಿಂದ ದುಡಿಮೆಯಿಲ್ಲದೆ ಲಾಭ ಪಡೆಯುವ ವರ್ಗ ಅದೊಂದೇ.

ಇದಕ್ಕೆ ಅಧಿಕಾರಿವರ್ಗದವರು ಎತ್ತಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಕಾಯದೆ ರಾಜ್ಯದ್ದು, ಮಾರ್ಗಸೂಚಿ ದರ ಮುದ್ರಾಂಕ ಇಲಾಖೆಯದು, ನಿಬಂಧನೆ ಹಣಕಾಸು ಆಯೋಗದ್ದು. ಬಡ ನಗರಸಭೆ ಏನು ಮಾಡೀತು ಎನ್ನುವರು. ಕೆಲವಂಶ ನಿಜ. ಆದರೆ ಕೆಳಮಿತಿ ಮೇಲ್ಮಿತಿಗಳ ನಡುವೆ ಪ್ರತಿಯೊಂದು ವರ್ಗಕ್ಕೂ ದರವನ್ನು ಆರಿಸುವ ಸ್ವಾತಂತ್ರ್ಯ ಸಭೆಗೇ ಇದೆ. ಆ ಸ್ವಾತಂತ್ರ್ಯವನ್ನು ಬಳಸಿಕೊಂಡೇ ಪಾಲುಗಳ ಏರುಪೇರನ್ನು ಬಹುಮಟ್ಟಿಗೆ ಸರಿದೂಗಿಸಬಹುದು. ತಖ್ತೆಯನ್ನು ಪ್ರಕಟಿಸುವದಕ್ಕೆ, ಸಭೆ ಕರೆಯುವದಕ್ಕೆ ಬೆಂಗಳೂರಿನ ಅಪ್ಪಣೆಯನ್ನು ಕಾಯಬೇಕಾಗಿಲ್ಲ. ಇನ್ನು ಉತ್ಪನ್ನ ಕಡಿಮೆಯಾದೀತೆಂಬ ಭಯ. ನಾವು ಬೇಡುವದು ಒಟ್ಟು ಕರದ ಮೇಲಿನ ಮಿತಿಯಲ್ಲ, ಹಂಚಿಕೆಯ ಮೇಲಿನ ಮಿತಿ. ಹೆಚ್ಚಿನ ಹಣ ಬೇಕಾದರೆ ಮೊದಲು ಬಾಕಿಯನ್ನು ವಸೂಲು ಮಾಡಲಿ; ಪುಸ್ತಕಕ್ಕೇ ಬಾರದ ಆಸ್ತಿಗಳನ್ನು ಪುಸ್ತಕಕ್ಕೆ ತರಲಿ. 2025ರ ಆರಂಭದಲ್ಲಿ ಸರಕಾರವು ಅನಧಿಕೃತ ನಿವೇಶನಗಳಿಗೂ ಬಿ-ಖಾತೆ ಕೊಡುವ ಆಂದೋಲನವನ್ನು ನಗರಾಡಳಿತ ಸಂಸ್ಥೆಗಳಲ್ಲಿ ಹೂಡಿದ್ದರ ಒಂದು ಪ್ರಯೋಜನ ಇದೇ: ಹೊರುವ ಹೆಗಲುಗಳು ಹೆಚ್ಚಾದಷ್ಟೂ ಪ್ರತಿಯೊಂದು ಹೆಗಲಿನ ಭಾರ ಕಡಿಮೆ.

ನಾಗರಿಕರಿಗೂ ನಮ್ಮದೊಂದು ಮಾತುಂಟು. ನ್ಯಾಯವನ್ನು ಬೇಡುವವರು ತಾವೂ ನ್ಯಾಯವಾಗಿ ನಡೆಯಬೇಕು. ಸ್ವಯಂ ಘೋಷಣೆಯ ಅರ್ಜಿಯಲ್ಲಿ ಎರಡಂತಸ್ತನ್ನು ಒಂದಂತಸ್ತೆಂದು, ಬಾಡಿಗೆಗೆ ಕೊಟ್ಟ ಮಳಿಗೆಯನ್ನು ವಾಸದ ಕೋಣೆಯೆಂದು ಬರೆಯುವವನು ಸರಕಾರವನ್ನು ವಂಚಿಸುವದಿಲ್ಲ. ಅವನು ಬಿಟ್ಟ ಪಾಲನ್ನು ತೆರುವ ಪಕ್ಕದ ಮನೆಯವನನ್ನು ವಂಚಿಸುತ್ತಾನೆ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಕರಗಳ್ಳತನವೂ ಒಂದು ದುಶ್ಚಟವೇ ಎಂದು ತಿಳಿದು ಅದನ್ನೂ ಆ ಜೋಳಿಗೆಗೆ ಹಾಕುವದು ಆ ಊರಿನವರಿಗೆ ಶೋಭಿಸುವದು.

ಸೀರೆ ನೇಯುವ ಊರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾಸಿನ ಎಳೆಗಳಲ್ಲಿ ಒಂದು ಕಡೆಗೆ ಬಿಗಿ ಹೆಚ್ಚಾದರೆ ಮೊದಲು ಕಡಿಯುವದು ಆ ಕಡೆಯ ಎಳೆ. ಕೊನೆಗೆ ಕೆಡುವದು ಇಡೀ ಸೀರೆ. ಊರೆಂಬ ನೇಯ್ಗೆಯಲ್ಲಿ ಮನೆ, ಅಂಗಡಿ, ಕಾರಖಾನೆಗಳೆಂಬ ಎಳೆಗಳ ಮೇಲಿನ ಬಿಗಿ ಸಮನಾಗಿರುವಂತೆ ನೋಡಿಕೊಳ್ಳುವ ಕೆಲಸ ನಗರಸಭೆಯದು. ಬಿಗಿಯನ್ನು ಬದಲಿಸಬೇಕಾದಾಗ ಮೆಲ್ಲನೆ, ಎಲ್ಲರ ಕಣ್ಣೆದುರಿಗೆ ಬದಲಿಸಲಿ. ಬರುವ ಏಪ್ರಿಲ್ಲಿಗೆ ಮುಂಚೆ ಆ ಒಂದು ಪುಟದ ತಖ್ತೆಯನ್ನು ಇಳಕಲ್ಲಿನ ಜನರ ಮುಂದಿಡುವದರಿಂದ ಈ ಕೆಲಸಕ್ಕೆ ಆರಂಭವಾಗಲೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.